ಹೊಳೆಯುವ ನೆಲದ ಆರೈಕೆ

ಮನೆ ಕಟ್ಟಿ ಮುಗಿದಿದೆ. ಗೃಹಪ್ರವೇಶಕ್ಕೆ ಇನ್ನು ನಾಲ್ಕೇ ದಿನ. ಬಡಗಿ ಹೋದ, ಬಣ್ಣದವರು ಹೋದರು. ನೆಲದ ಟೈಲ್ಸುಗಳ ಮೇಲೆ ಮಾತ್ರ ಸಿಮೆಂಟಿನ ತೆಳುವಾದ ಬಿಳುಪು ಮಂಜಿನಂತೆ ಉಳಿದುಕೊಂಡಿದೆ. "ಇದು ಹೋಗುತ್ತದೆಯೇನಪ್ಪಾ ಮೇಸ್ತ್ರಿ?" ಎಂದು ಯಜಮಾನರು ಕೇಳುತ್ತಾರೆ. "ಅದೇನು ಮಹಾ, ಸ್ವಾಮಿ? ಒಂದು ಬಾಟ್ಲಿ ಆಸಿಡ್ ತರಿಸಿ, ಕನ್ನಡಿ ಥರ ಮಾಡಿಕೊಡ್ತೀನಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಸಿಡ್ ಬರುತ್ತದೆ. ನೆಲದ ಮೇಲೆ ಸುರಿದೊಡನೆ ಬುಸುಗುಟ್ಟುತ್ತ ನೊರೆಯೇಳುತ್ತದೆ. ಮನೆಯವರೆಲ್ಲ ಸೆರಗು, ಕರವಸ್ತ್ರಗಳಿಂದ ಮೂಗು ಮುಚ್ಚಿಕೊಂಡು ಅಂಗಳದಲ್ಲಿ ನಿಲ್ಲುತ್ತಾರೆ. ಹೇಳಿದ ಮಾತಿಗೆ ಮೇಸ್ತ್ರಿ ತಪ್ಪುವುದಿಲ್ಲ, ನೆಲ ಕನ್ನಡಿಯೇ ಆಗುತ್ತದೆ. ಊಟಕ್ಕೆ ಬಂದ ನೆಂಟರೆಲ್ಲ ಮೆಚ್ಚಿ ಹೋಗುತ್ತಾರೆ. ವರ್ಷ ತುಂಬುವಷ್ಟರಲ್ಲಿ ಬಿಲ್ಲೆ ಬಿಲ್ಲೆಗಳ ನಡುವಣ ಬಿಳಿಯ ಗೆರೆಗಳು ಮಾಸುತ್ತವೆ, ಅಲ್ಲಲ್ಲಿ ಪುಡಿಯಾಗುತ್ತವೆ, ಕಡೆಗೆ ಕಪ್ಪಾಗುತ್ತವೆ. ಆಗ ಗೃಹಿಣಿಗೆ ಮೊದಲು ನೆನಪಾಗುವುದು ಮತ್ತೆ ಆ ಬಾಟಲಿಯೇ.

ಇದರಲ್ಲಿ ಮೇಸ್ತ್ರಿಯನ್ನಾಗಲಿ ಗೃಹಿಣಿಯನ್ನಾಗಲಿ ದೂರಿ ಫಲವಿಲ್ಲ. ಈ ನೆಲ ಹೊಸದು, ಅದರ ಉಪಚಾರ ಮನೆಮನೆಯ ವಾಡಿಕೆಯಾಗಿ ಇನ್ನೂ ಬೇರೂರಿಲ್ಲ. ಮಣ್ಣಿನ ನೆಲಕ್ಕೆ ಎಷ್ಟು ದಿನಕ್ಕೊಮ್ಮೆ ಸಗಣಿ ಸಾರಿಸಬೇಕೆಂಬುದು ಅಜ್ಜಿಯರಿಗೆ ಗೊತ್ತಿತ್ತು. ಗಾರೆಯ ನೆಲಕ್ಕೂ, ಅನಂತರ ಬಂದ ಕೆಂಪು ಕಾವಿಯ ನೆಲಕ್ಕೂ ತಕ್ಕ ಆರೈಕೆ ಇತ್ತು. ಕೊಬ್ಬರಿ ಎಣ್ಣೆ ಸವರಿ, ವರ್ಷಗಟ್ಟಲೆ ಒರೆಸಿ ಒರೆಸಿ ಹೊಳಪೇರಿಸಿದ ಕಾವಿಯ ಪಡಸಾಲೆಗಳು ಹಳೆಯ ಮನೆಗಳಲ್ಲಿ ಈಗಲೂ ಕಣ್ಣಿಗೆ ಬೀಳುತ್ತವೆ. ಶಹಾಬಾದಿನ ಕಲ್ಲು, ಕಡಪದ ಕಲ್ಲು, ಮೊಸಾಯಿಕ್ ಒಂದಾದ ಮೇಲೊಂದು ಬಂದವು. ಸುಟ್ಟ ಮಣ್ಣಿನ ಬಿಲ್ಲೆಯನ್ನು ನೆಲಕ್ಕೆ ಹಾಸುವುದು ಕನ್ನಡ ನಾಡಿಗೆ ಅಪರಿಚಿತವೇನೂ ಅಲ್ಲ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಅಲ್ಲಿನ ಗೂಡುಗಳಿಂದ ಛಾವಣಿಯ ಹಂಚುಗಳ ಜೊತೆಗೆ ನೆಲದ ಬಿಲ್ಲೆಗಳೂ ಹೊರಬಂದವು. ಆದರೆ ಅವು ಮೆರುಗಿಲ್ಲದ ಕೆಂಪು ಬಿಲ್ಲೆಗಳು, ಕಾವಿಯ ನೆಲದ ಹತ್ತಿರದ ನೆಂಟರು. ಈಗ ಗುಜರಾತಿನ ಮೋರ್ಬಿಯಿಂದ ಲಾರಿಗಟ್ಟಲೆ ಬಂದಿಳಿಯುವ ಬಿಲ್ಲೆಗಳ ಸ್ವಭಾವ ಬೇರೆ.

ಆ ಸ್ವಭಾವವನ್ನು ಒಮ್ಮೆ ಅರಿತರೆ ಮುಂದಿನ ಕೆಲಸ ಹಗುರ. ಜೇಡಿಮಣ್ಣು, ಬಿಳಿಗಲ್ಲಿನ ಪುಡಿ, ಫೆಲ್ಡ್‌ಸ್ಪಾರ್ ಎಂಬ ಖನಿಜ ಇವುಗಳನ್ನು ಅರೆದು, ಯಂತ್ರದ ಒತ್ತಡದಲ್ಲಿ ಅಚ್ಚೊತ್ತಿ, ಮೇಲೆ ಗಾಜಾಗತಕ್ಕ ದ್ರವ್ಯಗಳ ಲೇಪ ಕೊಟ್ಟು, ಸುಮಾರು 1100ರಿಂದ 1200 ಡಿಗ್ರಿ ಸೆಲ್ಷಿಯಸ್ ಶಾಖದಲ್ಲಿ ಸುಡುತ್ತಾರೆ. ಆ ಬೆಂಕಿಯಲ್ಲಿ ಲೇಪ ಕರಗಿ ನಿಜವಾದ ಗಾಜೇ ಆಗುತ್ತದೆ. ಎಂದರೆ ಮನೆಯವರು ದಿನವೂ ನಡೆದಾಡುವುದು ಮಣ್ಣಿನ ಬೆನ್ನಿಗಂಟಿದ ಒಂದು ತೆಳುವಾದ ಗಾಜಿನ ಮೇಲೆ. ಊಟದ ಪಿಂಗಾಣಿ ತಟ್ಟೆಯೂ ಇದೇ ಜಾತಿಯದು; ಅದನ್ನು ಆಸಿಡ್ ಹಾಕಿ ತೊಳೆಯಬೇಕೆಂದು ಯಾರಿಗೂ ತೋಚುವುದಿಲ್ಲ.

ಎಲ್ಲ ಬಿಲ್ಲೆಗಳೂ ಒಂದೇ ಗಟ್ಟಿಯವಲ್ಲ. ಎಷ್ಟು ನೀರು ಹೀರುತ್ತದೆಂಬುದರ ಮೇಲೆ ಅವುಗಳ ದರ್ಜೆ ನಿಶ್ಚಯವಾಗುತ್ತದೆ. ವಿಟ್ರಿಫೈಡ್ ಎನ್ನುವ ಬಿಲ್ಲೆ ತನ್ನ ತೂಕದ ನೂರಕ್ಕೆ ಅರ್ಧ ಪಾಲಿಗಿಂತ ಹೆಚ್ಚು ನೀರು ಕುಡಿಯುವುದಿಲ್ಲ. ಸಾಮಾನ್ಯವಾದ ಸಿರಾಮಿಕ್ ನೆಲದ ಬಿಲ್ಲೆ ನೂರಕ್ಕೆ 3ರಿಂದ 6ರವರೆಗೆ ಕುಡಿಯಬಹುದು. ಗೋಡೆಯ ಬಿಲ್ಲೆಯಾದರೆ 10ಕ್ಕೂ ಹೆಚ್ಚು. ಚೆಂದದ ಬಣ್ಣ ಕಂಡು ಗೋಡೆಯ ಬಿಲ್ಲೆಯನ್ನು ನೆಲಕ್ಕೆ ಹಾಸಿಸಿಕೊಂಡವರು ಪಶ್ಚಾತ್ತಾಪ ಪಡುವುದು ಇದರಿಂದಲೇ. ಅಂಗಡಿಯಲ್ಲಿ ಬಿಲ್ಲೆಯನ್ನು ಮಗುಚಿ ಬೆನ್ನಿಗೆ ನಾಲ್ಕು ಹನಿ ನೀರು ಚಿಮುಕಿಸಿದರೆ ವಿಷಯ ಅಲ್ಲೇ ತಿಳಿಯುತ್ತದೆ: ಹನಿ ಹಾಗೆಯೇ ನಿಂತರೆ ಗಟ್ಟಿ ಬಿಲ್ಲೆ, ಕಣ್ಣೆದುರೇ ಇಂಗಿಹೋದರೆ ಮೆದು. ಮೇಲುಮೈಯ ಗಾಜು ಮಾತ್ರ ಮೆದುವಾದುದರಲ್ಲೂ ನೀರನ್ನು ಒಳಗೆ ಬಿಡದು. ನೀರು ಒಳಹೊಗುವುದು ಅಂಚಿನಿಂದ, ಅಂದರೆ ಸಂದಿನ ಮೂಲಕ. ಸಂದಿನ ವಿಚಾರಕ್ಕೆ ಬರುವ ಮುನ್ನ ಗಾಜಿನ ಶತ್ರು ಯಾವುದೆಂದು ನೋಡಬೇಕು.

ಆ ಶತ್ರು ಮರಳು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಎಣಿಸುವ ಮೋಸ್ ಎಂಬ ವಿಜ್ಞಾನಿಯ ಕ್ರಮದಲ್ಲಿ ಮರಳಿನ ಕಾಳಿಗೆ 7ನೆಯ ಸ್ಥಾನ. ಬಹುಪಾಲು ನೆಲದ ಬಿಲ್ಲೆಗಳ ಮೆರುಗು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಚಪ್ಪಲಿಗಂಟಿ ಬಂದ ಹಿಡಿ ಮರಳು ನೂರು ಸಲ ಕಾಲಡಿ ಅರೆಯಲ್ಪಟ್ಟರೆ ಹೊಳಪು ಮಸುಕಾಗದೆ ಇನ್ನೇನು? ಬಾಗಿಲಿನ ಒಳಗಡೆ ನಾಲ್ಕಡಿ ಜಾಗ, ಕುರ್ಚಿಯ ಕಾಲುಗಳ ಕೆಳಗೆ, ಅಡಿಗೆಮನೆಯ ಒಲೆಯ ಮುಂದೆ ಮೊದಲು ಮಂಕಾಗುವುದಕ್ಕೆ ಕಾರಣವಿದು. ಚಪ್ಪಲಿಯನ್ನು ಹೊರಗೇ ಬಿಡುವ ಪದ್ಧತಿ ಈ ನೆಲಕ್ಕೆ ದೊಡ್ಡ ಉಪಕಾರ ಮಾಡಿದೆ. ಹೊಸ್ತಿಲ ಹೊರಗೊಂದು ಒರಟು ತೆಂಗಿನ ನಾರಿನ ಕಾಲೊರಸು, ಒಳಗೊಂದು ಬಟ್ಟೆಯದು ಇದ್ದರೆ ಪೂರ್ಣವಾಯಿತು. ನೂರಾರು ರೂಪಾಯಿನ ಬಾಟಲಿ ಮಾಡಲಾರದ ಕೆಲಸವನ್ನು ಈ ಎರಡು ಕಾಲೊರಸುಗಳು ಮಾಡುತ್ತವೆ. ಅವನ್ನು ವಾರಕ್ಕೊಮ್ಮೆ ಹೊರಗೆ ಬಡಿದು ಕೊಡವಬೇಕಷ್ಟೆ.

ಒರೆಸುವ ಮುನ್ನ ಗುಡಿಸುವುದು ಎಂಬ ಹಳೆಯ ಕ್ರಮವನ್ನು ಅವಸರದ ಮನೆಗಳು ಬಿಡತೊಡಗಿವೆ. ಒದ್ದೆ ಬಟ್ಟೆ ಮರಳನ್ನು ಎತ್ತಿಕೊಳ್ಳುವುದಿಲ್ಲ, ಎಳೆದಾಡುತ್ತದೆ. ನುಣುಪು ನೆಲಕ್ಕೆ ಮೆತ್ತನೆಯ ಹುಲ್ಲುಪೊರಕೆಯೇ ಸರಿ, ಕಡ್ಡಿಪೊರಕೆ ಅಂಗಳಕ್ಕಿರಲಿ. ಹಬ್ಬದ ಮರುದಿನ ದೇವರ ಮುಂದಿನ ರಂಗೋಲಿಯನ್ನು ಒದ್ದೆ ಬಟ್ಟೆಯಿಂದ ಒಂದೇ ಏಟಿಗೆ ಒರೆಸಿಬಿಡುವುದು ಅನೇಕರ ವಾಡಿಕೆ. ಅಂಗಡಿಯ ರಂಗೋಲಿ ಕಲ್ಲಿನ ಪುಡಿ. ಅದನ್ನು ಒಣಗಿರುವಾಗಲೇ ಗುಡಿಸಿ ತೆಗೆಯತಕ್ಕದ್ದು. ಬಣ್ಣದ ಪುಡಿಯಾದರಂತೂ ನೀರು ಸೋಕಿದೊಡನೆ ಸಂದುಗಳಿಗೆ ಇಳಿದು ಅಲ್ಲೇ ಮನೆಮಾಡುತ್ತದೆ.

ಇನ್ನು ನೀರು. ಟೈಲ್ಸ್ ನೆಲ ಎಷ್ಟು ಒರೆಸಿದರೂ ಮಬ್ಬಾಗಿಯೇ ಇರುತ್ತದೆ, ಬರಿಗಾಲಿನ ಗುರುತು ಎದ್ದು ಕಾಣುತ್ತದೆ ಎಂಬುದು ಬಹು ಸಾಮಾನ್ಯವಾದ ದೂರು. ಆ ಮಬ್ಬು ಕೊಳೆಯಲ್ಲ. ಕೊಳೆ ತೆಗೆಯಲು ಹಾಕಿದ ಸೋಪಿನ ಶೇಷ. ಬಟ್ಟೆಯ ಸೋಪನ್ನು ತುರಿದು ಬಕೆಟ್ಟಿಗೆ ಹಾಕುವ ಮನೆಗಳಲ್ಲಿ, ಅದೂ ಕೊಳವೆಬಾವಿಯ ಗಡಸು ನೀರಿನ ಬಡಾವಣೆಗಳಲ್ಲಿ, ಸೋಪು ಮತ್ತು ನೀರಿನಲ್ಲಿರುವ ಸುಣ್ಣದ ಲವಣಗಳು ಕೂಡಿ ನೀರಿನಲ್ಲಿ ಕರಗದ ಜಿಡ್ಡೊಂದು ಹುಟ್ಟುತ್ತದೆ. ಸ್ನಾನದ ಬಕೆಟ್ಟಿನ ಅಂಚಿಗೆ ಬೂದುಬಣ್ಣದ ಪಟ್ಟೆ ಕಟ್ಟುವುದೂ ಇದರಿಂದಲೇ. ಜಿಡ್ಡು ನೆಲಕ್ಕೆ ಅಂಟುತ್ತದೆ, ಜಿಡ್ಡಿಗೆ ಧೂಳು ಅಂಟುತ್ತದೆ, ಧೂಳು ಕಂಡು ಗೃಹಿಣಿ ಇನ್ನಷ್ಟು ಸೋಪು ಹಾಕುತ್ತಾಳೆ. ಈ ಸುಳಿಯಿಂದ ಹೊರಬರಲು ಸೋಪನ್ನು ಬಿಡಬೇಕು. ಅರ್ಧ ಬಕೆಟ್ ಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ದ್ರಾವಣ ಒಂದು ಚಹಾ ಚಮಚ, ಅಷ್ಟೇ ಸಾಕು. ನೊರೆ ಬುರುಬುರು ಏಳಲಿಲ್ಲವೆಂದು ಎರಡನೆಯ ಚಮಚ ಹಾಕುವ ಆಸೆಯನ್ನು ತಡೆದುಕೊಳ್ಳಬೇಕು. ಇದೂ ವಾರಕ್ಕೆ ಎರಡು ದಿನದ ಮಾತು. ಉಳಿದ ದಿನ ಬರಿಯ ನೀರೇ ಧಾರಾಳವಾಯಿತು.

ಬಕೆಟ್ ಒಂದಲ್ಲ, ಎರಡಿರಬೇಕು. ಒಂದರಲ್ಲಿ ದ್ರಾವಣದ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ಬರಿಯ ನೀರು. ಒಂದೇ ಬಕೆಟ್ಟಿನಲ್ಲಿ ನಡುಮನೆಯಿಂದ ಹೊರಟು ಅಡಿಗೆಮನೆ, ಮಲಗುವ ಕೋಣೆ, ಹಜಾರ ಎಲ್ಲ ಮುಗಿಸುವಷ್ಟರಲ್ಲಿ ನೀರು ಸಾರಿನ ಬಣ್ಣಕ್ಕೆ ತಿರುಗಿರುತ್ತದೆ; ಕೊನೆಯ ಕೋಣೆಗೆ ಸಿಗುವುದು ಮೊದಲಿನ ಕೋಣೆಗಳ ಕೊಳೆ. ಆ ಕೊಳೆನೀರು ಗಾಜಿನ ಮೇಲೆ ನಿಲ್ಲದೆ ತಗ್ಗಿರುವ ಸಂದುಗಳಿಗೆ ಹರಿದು ಒಣಗುತ್ತದೆ. ಬಿಲ್ಲೆಗಳು ಬಿಳಿ, ಗೆರೆಗಳು ಕರಿ ಎಂಬ ಚಿತ್ರ ಪ್ರತಿದಿನವೂ ಹೀಗೆ ಒಂದೊಂದು ಗೀಟು ಬರೆಯಲ್ಪಡುತ್ತದೆ. ಎರಡು ಕೋಣೆಗೊಮ್ಮೆ ನೀರು ಬದಲಾಯಿಸುವುದು, ಬಟ್ಟೆಯನ್ನು ಚೆನ್ನಾಗಿ ಹಿಂಡುವುದು, ಕೊನೆಯಲ್ಲಿ ಒಣಬಟ್ಟೆಯಿಂದ ಒಮ್ಮೆ ಎಳೆಯುವುದು ಇಷ್ಟನ್ನು ಮಾಡಿದವರ ನೆಲ ಹದಿನೈದು ದಿನಗಳಲ್ಲಿ ಬೇರೆಯಾಗಿ ಕಾಣುತ್ತದೆ. ಫಿನಾಯಿಲಿನ ಪರಿಮಳಕ್ಕೂ ನೆಲದ ಶುಚಿಗೂ ನಂಟು ಕಡಮೆ. ವಾಸನೆ ಬರಲೆಂದು ಮುಚ್ಚಳದ ಮೇಲೆ ಮುಚ್ಚಳ ಸುರಿದರೆ ಅದೂ ಒಂದು ಪದರವಾಗಿ ಕೂರುತ್ತದೆ. ದೃಷ್ಟಿ ತೆಗೆಯುವ ನಂಬಿಕೆಯಿಂದ ನೀರಿಗೆ ಕಲ್ಲುಪ್ಪು ಹಾಕುವವರುಂಟು. ನಂಬಿಕೆ ಅವರವರದು, ಆದರೆ ಉಪ್ಪು ಕೊಳೆ ತೆಗೆಯದು, ಕಬ್ಬಿಣದ ಮಂಚದ ಕಾಲಿಗೆ ತುಕ್ಕು ಹಿಡಿಸುವುದು ಖಂಡಿತ.

ಈಗ ಸಂದಿನ ವಿಷಯ. ಹನ್ನೆರಡಡಿ ಹತ್ತಡಿಯ ಒಂದು ಕೋಣೆಗೆ ಎರಡಡಿ ಚೌಕದ 30 ಬಿಲ್ಲೆಗಳು ಹಿಡಿಯುತ್ತವೆ. ಅವುಗಳ ನಡುವೆ ಬರುವ ಸಂದುಗಳನ್ನೆಲ್ಲ ಉದ್ದಕ್ಕೆ ಜೋಡಿಸಿದರೆ 98 ಅಡಿ. ಅದೇ ಕೋಣೆಗೆ ಒಂದಡಿ ಚೌಕದ ಬಿಲ್ಲೆ ಹಾಕಿಸಿದರೆ 218 ಅಡಿ. ನಾಲ್ಕು ಕೋಣೆಯ ಮನೆಯಲ್ಲಿ ಇದು ಎಷ್ಟಾಯಿತೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ಇಷ್ಟುದ್ದದ ಗೆರೆಗಳಲ್ಲಿ ತುಂಬಿರುವುದು ಗಾಜಲ್ಲ, ಸಿಮೆಂಟು. ಬಿಲ್ಲೆ ಶಿಲೆಯಂತೆ ಗಟ್ಟಿ, ಸಂದು ಬಿಸ್ಕತ್ತಿನಂತೆ ನೀರು ಹೀರುವ ವಸ್ತು. ಒಳ್ಳೆಯ ಕೆಲಸಗಾರ ಎರಡು ಮೂರು ಮಿಲಿಮೀಟರಿನ ಅಂತರ ಬಿಟ್ಟು, ಗ್ರೌಟ್ ಎನ್ನುವ ಅದಕ್ಕೆಂದೇ ಇರುವ ಪುಡಿಯನ್ನು ಕಲಸಿ ಆಳದವರೆಗೆ ತುಂಬುತ್ತಾನೆ. ಅವಸರದವನು ಬಿಲ್ಲೆಗಳನ್ನು ಒತ್ತೊತ್ತಾಗಿ ಕೂರಿಸಿ, ಬಿಳಿ ಸಿಮೆಂಟನ್ನು ನೀರಾಗಿ ಕದಡಿ ಮೇಲೆ ಬಳಿದು ಮುಗಿಸುತ್ತಾನೆ. ಅದು ಬೇಗ ಬಿರುಕುಬಿಟ್ಟು ಎದ್ದುಬರುತ್ತದೆ.

ಆಸಿಡ್ಡಿನ ಕಥೆ ಇಲ್ಲಿಗೆ ಸೇರುತ್ತದೆ. ಅಂಗಡಿಯವರು ಆಸಿಡ್ ಎಂದು ಕೊಡುವುದು ಬಹುಮಟ್ಟಿಗೆ ಹೈಡ್ರೋಕ್ಲೋರಿಕ್ ಆಮ್ಲ. ಅದು ಗಾಜಿನ ಮೆರುಗನ್ನು ಸುಲಭದಲ್ಲಿ ಮುಟ್ಟಲಾರದು, ನಿಜ. ಆದರೆ ಸಿಮೆಂಟಿನಲ್ಲಿರುವ ಸುಣ್ಣವನ್ನು ಕಂಡರೆ ಬಿಡದು. ಮೇಸ್ತ್ರಿ ಸುರಿದಾಗ ಬುಸುಗುಟ್ಟಿದ್ದು ಕೊಳೆಯಲ್ಲ, ಸಿಮೆಂಟು. ಮೇಲಿನ ಕಲೆಯ ಸಿಮೆಂಟು ಕರಗಿತು, ಜೊತೆಗೆ ಸಂದಿನ ಸಿಮೆಂಟಿನ ಮೇಲ್ಪದರವೂ ಕರಗಿತು. ಆ ಪದರ ಹೋದ ಸಂದು ಇನ್ನಷ್ಟು ಒರಟಾಗಿ, ಇನ್ನಷ್ಟು ಕೊಳೆ ಹಿಡಿಯುತ್ತದೆ. ಕೊಳೆ ತೆಗೆಯಲು ಮತ್ತೆ ಆಸಿಡ್. ನಾಲ್ಕಾರು ಸಲ ಹೀಗಾದ ಮೇಲೆ ಸಂದು ಬರಿಯ ಕಾಲುವೆ. ಅದರಲ್ಲಿ ಇಳಿದ ನೀರು ಬಿಲ್ಲೆಯ ಅಡಿಗೆ ಹೋಗುತ್ತದೆ. ಮಹಡಿಯ ಬಚ್ಚಲಾದರೆ ಕೆಳಗಿನ ಮನೆಯವರ ಛಾವಣಿಯಲ್ಲಿ ಹಸುರು ಮಚ್ಚೆ ಮೂಡುತ್ತದೆ. ವಠಾರದ ಸ್ನೇಹ ಕೆಡಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಸಂದು ಹಾಳಾದರೆ ಹಣ ಕೊಟ್ಟು ಸರಿಪಡಿಸಬಹುದು. ಹಣದಿಂದ ಸರಿಪಡಿಸಲಾಗದ ಅಪಾಯವೊಂದು ಇದೇ ಕೆಲಸದಲ್ಲಿದೆ. ಬಚ್ಚಲಿನ ನೆಲಕ್ಕೆ ಪಾಚಿ ಹೋಗಲೆಂದು ಬ್ಲೀಚಿಂಗ್ ಪುಡಿ ಎರಚಿ, ಅದು ಸಾಲದೆಂದು ಮೇಲೆ ಆಸಿಡ್ ಸುರಿಯುವವರಿದ್ದಾರೆ. ಎರಡೂ ಶುಚಿಮಾಡುವ ವಸ್ತುಗಳೇ. ಕೂಡಿಸಿದರೆ ಎರಡರಷ್ಟು ಶುಚಿಯಾದೀತೆಂಬುದು ಅವರ ಎಣಿಕೆ. ಕೂಡಿದಾಗ ಹುಟ್ಟುವುದು ಕ್ಲೋರಿನ್ ಅನಿಲ. ಮೊದಲನೆಯ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಮ್ಮಿನ ಈಪ್ರ ಊರಿನ ಬಳಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟ ವಿಷಗಾಳಿ ಇದೇ. ಕಮೋಡು ತೊಳೆಯುವ ದ್ರಾವಣಗಳಲ್ಲೂ ಬಹಳಷ್ಟರಲ್ಲಿ ಇದೇ ಆಮ್ಲವಿರುವುದರಿಂದ, ಆಸಿಡ್ ಬಾಟಲಿಯನ್ನೇ ತಾರದ ಮನೆಯೂ ನಿಶ್ಚಿಂತವಾಗಿರುವಂತಿಲ್ಲ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಅದು ಮೇಲೇರಿ ಕಿಟಕಿಯಿಂದ ಹೋಗದೆ ನೆಲದ ಮಟ್ಟದಲ್ಲೇ ಹರಡುತ್ತದೆ. ಕುಕ್ಕುರುಗಾಲಿನಲ್ಲಿ ಕೂತು ಬ್ರಷ್ಷಿನಿಂದ ಉಜ್ಜುತ್ತಿರುವವರ ಮುಖವೂ ಅದೇ ಮಟ್ಟದಲ್ಲಿರುತ್ತದೆ. ಬಚ್ಚಲ ಬಾಗಿಲು ಮುಚ್ಚಿದ್ದರೆ ಕೇಳುವುದೇ ಬೇಡ.

ಹಾಗೊಮ್ಮೆ ಕಣ್ಣು ಉರಿದು, ಗಂಟಲು ಕಟ್ಟಿ, ಹಸುರುಹಳದಿ ಹೊಗೆ ಕಂಡರೆ ಬಕೆಟ್ಟನ್ನೂ ಬ್ರಷ್ಷನ್ನೂ ಅಲ್ಲೇ ಬಿಟ್ಟು ತತ್‌ಕ್ಷಣ ಎದ್ದು ಹೊರಗಿನ ಗಾಳಿಗೆ ಬರಬೇಕು. ನೀರು ಹೊಯ್ದು ತೊಳೆದುಬಿಡುತ್ತೇನೆಂದು ಒಳಗೆ ನಿಲ್ಲಕೂಡದು. ಕಣ್ಣನ್ನು ತಣ್ಣೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಕೆಮ್ಮು, ಎದೆಬಿಗಿತ ಇದ್ದರೆ ಆಸ್ಪತ್ರೆಗೆ ಹೋಗುವುದೇ ಸರಿ. ಆ ಹೊತ್ತಿಗೆ ಸುಧಾರಿಸಿದಂತೆ ಕಂಡವರಿಗೂ ಕೆಲವು ಗಂಟೆಗಳ ಮೇಲೆ ಉಸಿರಾಟ ಕಷ್ಟವಾಗುವುದುಂಟು. ಉಬ್ಬಸದವರು, ಮಕ್ಕಳು ಇದ್ದ ಮನೆಯಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಈ ಮಾತನ್ನು ಗೃಹಿಣಿ ತಾನೊಬ್ಬಳೇ ತಿಳಿದುಕೊಂಡರೆ ಸಾಲದು. ಬಹಳ ಮನೆಗಳಲ್ಲಿ ಬಚ್ಚಲು ಉಜ್ಜುವವಳು ಕೆಲಸಕ್ಕೆ ಬರುವ ಹೆಣ್ಣುಮಗಳು; ಬಾಟಲಿಯ ಮೇಲಿನ ಇಂಗ್ಲಿಷ್ ಎಚ್ಚರಿಕೆಯನ್ನು ಅವಳು ಓದಲಾರಳು. "ನೋಡಮ್ಮ, ಇದನ್ನೂ ಅದನ್ನೂ ಯಾವತ್ತೂ ಒಟ್ಟಿಗೆ ಹಾಕಬೇಡ" ಎಂದು ಎರಡು ಬಾಟಲಿಗಳನ್ನೂ ಎದುರಿಗಿಟ್ಟು ತೋರಿಸಿ ಹೇಳಬೇಕಾದದ್ದು ಮನೆಯವರ ಕೆಲಸ. ಅವಳ ಕೈಗೊಂದು ಜೊತೆ ರಬ್ಬರ್ ಕೈಚೀಲ, ನಿಂತೇ ಒರೆಸಲು ಉದ್ದ ಹಿಡಿಯ ಮಾಪ್ ಕೊಡಿಸುವುದನ್ನು ಉಪಕಾರವೆಂದು ಎಣಿಸಬೇಕಾಗಿಲ್ಲ.

ಆಸಿಡ್ ಮನೆಯಲ್ಲಿ ಇರಲೇಬಾರದೆಂಬುದಕ್ಕೆ ಇನ್ನೂ ಕಾರಣಗಳುಂಟು. ಮುಖದ ಮೇಲೆ ಆಸಿಡ್ ಎರಚುವ ದುಷ್ಕೃತ್ಯಗಳನ್ನು ಕಂಡು ಸರ್ವೋಚ್ಚ ನ್ಯಾಯಾಲಯವು 2013ರ ಜುಲೈಯಲ್ಲಿ ಅದರ ಬಿಡಿ ಮಾರಾಟಕ್ಕೆ ಕಟ್ಟುಪಾಡು ವಿಧಿಸಿತು. ಕೊಳ್ಳುವವರ ಗುರುತು ಬರೆದುಕೊಳ್ಳದೆ ಮಾರಕೂಡದು, ಹದಿನೆಂಟು ತುಂಬದವರಿಗೆ ಕೊಡಲೇಕೂಡದು. ಫಿನಾಯಿಲನ್ನೋ ಆಸಿಡ್ಡನ್ನೋ ಹಳೆಯ ಷರಬತ್ತಿನ ಬಾಟಲಿಗೆ ತುಂಬಿ ಮೂಲೆಯಲ್ಲಿಡುವ ಅಭ್ಯಾಸ ಅದಕ್ಕಿಂತ ಭಯಂಕರ. ಬಾಯಾರಿದ ಮಗು ಬಾಟಲಿಯನ್ನು ನೋಡುತ್ತದೆಯೇ ಹೊರತು ಒಳಗಿರುವುದನ್ನಲ್ಲ. ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಉಪಾಯ ತಪ್ಪು. ಇಳಿಯುವಾಗ ಸುಟ್ಟದ್ದು ಏರುವಾಗ ಇನ್ನೊಮ್ಮೆ ಸುಡುತ್ತದೆ. ಬಾಯಿ ಮುಕ್ಕಳಿಸಿ, ಆ ಬಾಟಲಿಯನ್ನೂ ಕೈಯಲ್ಲಿ ಹಿಡಿದು ವೈದ್ಯರ ಬಳಿಗೆ ಓಡಬೇಕು.

ಹಾಗಾದರೆ ಕಪ್ಪಾದ ಸಂದಿಗೆ ಏನು ಮಾಡುವುದು? ಅಡಿಗೆ ಸೋಡಾವನ್ನು ತುಸು ನೀರಿನಲ್ಲಿ ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಸಂದಿನ ಉದ್ದಕ್ಕೂ ಮೆತ್ತಿ, ಹತ್ತು ನಿಮಿಷ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ನೀರಿನಿಂದ ಎರಡು ಸಲ ಒರೆಸಬೇಕು. ಸೋಡಾ ಮೆದುವಾದ ಪುಡಿ, ಗಾಜನ್ನು ಗೀರದು. ಕ್ಷಾರವಾದ್ದರಿಂದ ಸಿಮೆಂಟಿಗೂ ಹಗೆಯಲ್ಲ. ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಮಾತ್ರ ತರಬಾರದು: ಗೀರುವುದಲ್ಲದೆ ಅದರ ಎಳೆಗಳು ಸಂದಿನಲ್ಲಿ ಸಿಕ್ಕಿ ತುಕ್ಕಾಗುತ್ತವೆ. ಇಡೀ ಮನೆಯನ್ನು ಒಂದೇ ದಿನ ಮಾಡಲು ಹೊರಟರೆ ಮೊಣಕಾಲು ಉಳಿಯದು. ದಿನಕ್ಕೆ ಹತ್ತಡಿಯಂತೆ ಮಾಡಿದರೆ ದಸರೆಗೆ ಹಿಡಿದ ಕೆಲಸ ದೀಪಾವಳಿಗೆ ಮುಗಿದಿರುತ್ತದೆ. ಬಚ್ಚಲಿನ ಸಂದುಗಳಲ್ಲಿ ಬೂಷ್ಟು ಹಿಡಿದು ಕಪ್ಪಾಗಿದ್ದರೆ, ಬಟ್ಟೆ ಬಿಳುಪು ಮಾಡುವ ದ್ರಾವಣ ಒಂದು ಪಾಲಿಗೆ ಹದಿನೈದು ಪಾಲು ನೀರು ಬೆರೆಸಿ, ಕಿಟಕಿ ಬಾಗಿಲು ತೆರೆದಿಟ್ಟು, ಬೇರೆ ಯಾವುದನ್ನೂ ಜೊತೆಗೆ ಸೇರಿಸದೆ ಬಳಿದು ಕಾಲು ಗಂಟೆಯ ಮೇಲೆ ತೊಳೆಯಬಹುದು. ಸ್ನಾನವಾದ ಮೇಲೆ ನೀರನ್ನು ಎಳೆದುಹಾಕಿ ಗಾಳಿಯಾಡಲು ಬಿಟ್ಟರೆ ಬೂಷ್ಟು ಮರಳಿ ಬರುವುದು ತಡವಾಗುತ್ತದೆ.

ಸಂದು ಪೊಳ್ಳಾಗಿ ಹೋಗಿದ್ದಲ್ಲಿ ಉಜ್ಜುವುದು ವ್ಯರ್ಥ; ಕೆರೆದು ತೆಗೆದು ಹೊಸದಾಗಿ ತುಂಬಿಸಬೇಕು. ಹಳೆಯದರ ಮೇಲೆಯೇ ಬಳಿದರೆ ತಿಂಗಳೊಳಗೆ ಹಪ್ಪಳದಂತೆ ಏಳುತ್ತದೆ. ಬಚ್ಚಲು, ಅಡಿಗೆಮನೆಗಳಿಗೆ ಎಪಾಕ್ಸಿ ಎಂಬ ಎರಡು ದ್ರವ್ಯಗಳನ್ನು ಬೆರೆಸಿ ತುಂಬುವ ಬಗೆ ದುಬಾರಿಯಾದರೂ ನೀರನ್ನಾಗಲಿ ಅರಿಸಿನವನ್ನಾಗಲಿ ಹೀರುವುದಿಲ್ಲ. ಅದು ಬೇಗ ಗಟ್ಟಿಯಾಗುವುದರಿಂದ, ಬಿಲ್ಲೆಯ ಮೇಲೆ ಉಳಿದದ್ದನ್ನು ಕೆಲಸಗಾರ ಆ ಹೊತ್ತಿನಲ್ಲೇ ಒರೆಸುತ್ತಾನೆಯೇ ಎಂದು ನಿಂತು ನೋಡಬೇಕು. ಹೊಸ ಮನೆಯ ಸಿಮೆಂಟಿನ ಮಂಜೂ ಅಷ್ಟೆ. ಸಂದು ತುಂಬಿದ ದಿನವೇ ಒದ್ದೆ ಬಟ್ಟೆಯಿಂದ ಒರೆಸಿದ್ದರೆ ಆಸಿಡ್ಡಿನ ಪ್ರಸಂಗವೇ ಬರುತ್ತಿರಲಿಲ್ಲ. ಉಳಿದದ್ದು ಒರಟು ಗೋಣಿಬಟ್ಟೆಯ ತಿಕ್ಕಿಗೆ ಬಹುಮಟ್ಟಿಗೆ ಹೋಗುತ್ತದೆ.

ಅಡಿಗೆಮನೆಯ ಕಲೆಗಳಲ್ಲಿ ಅರಿಸಿನದ ಕಲೆ ತಮಾಷೆಯದು. ಸಾಂಬಾರು ಚೆಲ್ಲಿದ ಸಂದಿಗೆ ಸೋಪು ತಾಗಿಸಿದೊಡನೆ ಹಳದಿ ಮಚ್ಚೆ ರಕ್ತದಂತೆ ಕೆಂಪಾಗುತ್ತದೆ; ಹೊಸದಾಗಿ ಸಂಸಾರ ಹೂಡಿದವರು ಗಾಬರಿಯಾಗುವುದುಂಟು. ಅರಿಸಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪುನೀರು ಕದಡುವ ಅತ್ತೆಗೆ ಇದರ ಗುಟ್ಟು ಗೊತ್ತಿರುತ್ತದೆ. ಕ್ಷಾರ ಸೋಕಿದರೆ ಅರಿಸಿನ ಕೆಂಪಾಗುತ್ತದೆ, ಅಷ್ಟೇ. ಚೆನ್ನಾಗಿ ನೀರು ಹಾಕಿ ತೊಳೆದರೆ ಮತ್ತೆ ಹಳದಿ. ಅರಿಸಿನದ ಬಣ್ಣಕ್ಕೆ ಬಿಸಿಲನ್ನು ತಾಳುವ ಶಕ್ತಿಯಿಲ್ಲ. ಕಿಟಕಿಯ ಬಿಸಿಲು ಬೀಳುವ ಕಡೆಯಾದರೆ ನಾಲ್ಕು ದಿನ ಸುಮ್ಮನಿದ್ದರೂ ತಾನಾಗಿ ಮಾಸುತ್ತದೆ. ಎಣ್ಣೆಯ ಜಿಡ್ಡಿಗೆ ಬಿಸಿನೀರಿನಲ್ಲಿ ಒಂದು ಚಮಚ ವಾಷಿಂಗ್ ಸೋಡಾ ಕದಡಿ ಒರೆಸಿದರಾಯಿತು. ಕಾರ್ತಿಕದ ಹಣತೆಗಳು ಬಿಟ್ಟುಹೋಗುವ ಎಣ್ಣೆಯುಂಗುರಕ್ಕೂ ಅದೇ ಮದ್ದು. ಗ್ಯಾಸ್ ಸಿಲಿಂಡರಿನ ಅಡಿಯಲ್ಲಿ ಮೂಡುವ ತುಕ್ಕಿನ ಬಳೆ ಹಟಮಾರಿ. ಬಿಲ್ಲೆಯ ಮೇಲೆ ಮಾತ್ರ, ಸಂದಿಗೆ ಹರಿಯದಂತೆ, ನಿಂಬೆರಸ ಸವರಿ ಹತ್ತು ನಿಮಿಷದ ಮೇಲೆ ತಿಕ್ಕಿ ತೊಳೆಯಬೇಕು. ನಿಂಬೆಯೂ ಆಮ್ಲವೇ ಆದ್ದರಿಂದ ಅಲ್ಲಿ ಬ್ಲೀಚಿಂಗಿನ ಹೆಸರೆತ್ತಬಾರದು. ಸಿಲಿಂಡರನ್ನು ಚಕ್ರದ ಮಣೆಯ ಮೇಲೆ ಕೂರಿಸಿದರೆ ಬಳೆಯೇ ಮೂಡದು.

ನುಣುಪು ನೆಲದ ಇನ್ನೊಂದು ಕೇಡು ಜಾರುವುದು. ಒದ್ದೆಯಾದ ಹೊಳಪಿನ ಬಿಲ್ಲೆಯ ಮೇಲೆ, ಅದರಲ್ಲೂ ಸೋಪಿನ ಜಿಡ್ಡಿದ್ದರೆ, ಕಾಲು ನಿಲ್ಲದು. ವಯಸ್ಸಾದವರು ಒಮ್ಮೆ ಬಿದ್ದು ತೊಡೆಯ ಮೂಳೆಯ ಕತ್ತು ಮುರಿದುಕೊಂಡರೆ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಹಾಸಿಗೆ. ಆಮೇಲೆಯೂ ಮೊದಲಿನ ನಡಿಗೆ ಎಲ್ಲರಿಗೂ ಮರಳುವುದಿಲ್ಲ. ಅಜ್ಜ ಅಜ್ಜಿ ಇರುವ ಮನೆಯಲ್ಲಿ ನೆಲ ಒರೆಸುವ ಹೊತ್ತು ಅವರು ಕೂತಿರುವ ಹೊತ್ತಾಗಿರಲಿ. ಒಂದು ಕೋಣೆ ಒಣಗಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿದರೆ ನಡೆಯಲು ಒಣ ದಾರಿಯೊಂದು ಸದಾ ಇರುತ್ತದೆ. ಬಚ್ಚಲಿಗೆ ಹೊಸದಾಗಿ ಹಾಸಿಸುವವರು ಹೊಳಪನ್ನು ಮರೆತು ಒರಟು ಮೈಯ ಬಿಲ್ಲೆಯನ್ನೇ ಆರಿಸಬೇಕು, ಗೋಡೆಗೊಂದು ಹಿಡಿಗಂಬಿಯನ್ನೂ ಕೂರಿಸಬೇಕು. ಒರಟು ಬಿಲ್ಲೆ ಬೇಗ ಕೊಳೆ ಹಿಡಿಯುತ್ತದೆಂಬ ಆಕ್ಷೇಪ ನಿಜ. ವಾರಕ್ಕೊಮ್ಮೆ ಬ್ರಷ್ಷಿನಿಂದ ಉಜ್ಜುವ ಶ್ರಮ ಮುರಿದ ಮೂಳೆಯ ಮುಂದೆ ಏನೂ ಅಲ್ಲ.

ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಮರದ ಸೌಟಿನ ಹಿಡಿಯಿಂದ ಬಿಲ್ಲೆಗಳನ್ನು ಒಂದೊಂದಾಗಿ ತಟ್ಟಿ ನೋಡುವುದು ಒಳ್ಳೆಯದು. ಗಟ್ಟಿಯಾಗಿ ಕೂತದ್ದು ಕಲ್ಲಿನ ಸದ್ದು ಕೊಡುತ್ತದೆ, ಅಡಿಯಲ್ಲಿ ಪೊಳ್ಳಾದದ್ದು ಖಾಲಿ ಡಬ್ಬದ ಸದ್ದು. ಪೊಳ್ಳು ಬಿಲ್ಲೆಯ ಮೇಲೆ ಭಾರದ ಬೀರು, ರೆಫ್ರಿಜರೇಟರು ನಿಲ್ಲಿಸಕೂಡದು. ಸುತ್ತಲಿನ ಸಂದು ಬಿಟ್ಟಿದ್ದರೆ ಬೇಗನೆ ತುಂಬಿಸಬೇಕು. ಒಡೆದ ಬಿಲ್ಲೆಗೆ ಜೊತೆ ಸಿಗುವುದು ಮಾತ್ರ ಕಷ್ಟ. ಒಂದೇ ಹೆಸರಿನ ಬಿಲ್ಲೆಯಾದರೂ ಒಂದು ಸುಡುವಿಕೆಯ ಬಣ್ಣ ಇನ್ನೊಂದಕ್ಕೆ ಕೂಡುವುದಿಲ್ಲ. ಮೂರು ವರ್ಷದ ಮೇಲೆ ಅಂಗಡಿಗೆ ಹೋದರೆ ಆ ಮಾದರಿಯೇ ನಿಂತುಹೋಗಿರುತ್ತದೆ. ಕೆಲಸ ಮುಗಿದಾಗ ಉಳಿದ ಆರೆಂಟು ಬಿಲ್ಲೆಗಳನ್ನು ಹಿಂದಕ್ಕೆ ಕೊಟ್ಟು ನೂರಿನ್ನೂರು ರೂಪಾಯಿ ಉಳಿಸಿಕೊಳ್ಳುವುದರ ಬದಲು, ಪೆಟ್ಟಿಗೆಯ ಸಮೇತ, ಅದರ ಮೇಲಿನ ಮಾದರಿಯ ಹೆಸರೂ ಬಣ್ಣದ ಸಂಖ್ಯೆಯೂ ಕಾಣುವಂತೆ, ಅಟ್ಟದ ಮೇಲೆ ಗೋಡೆಗೆ ಒರಗಿಸಿ ನೆಟ್ಟಗೆ ಇಡತಕ್ಕದ್ದು. ಸಂದಿಗೆ ತುಂಬಿದ ಪುಡಿಯ ಬಣ್ಣದ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅದೇ ಪೆಟ್ಟಿಗೆಯೊಳಗೆ ಹಾಕಿಡಬೇಕು.